ಸೈಲೆನ್ಸರ್ ಇಲ್ಲದ ಗಾಡಿ

ಉಷಾರಾಣಿ ವ್ಯಾನಿನ ಕೀಲಿ ತಿರುಗಿಸಿದ ಕೂಡಲೇ ಎದ್ದ ಸದ್ದಿಗೆ ಭರಮಸಾಗರದ ಆ ಓಣಿಗೆ ಓಣಿಯೇ ಬೆಚ್ಚಿಬಿದ್ದಿತು. ಕ್ವಾರಿಯಲ್ಲಿ ಮದ್ದು ಸಿಡಿದಂಥ ಸದ್ದು. ನಾಯಿಗಳು ಚರಂಡಿ ಹಾರಿ ಓಡಿದವು. ಉಷಾ ಗಾಬರಿಯಿಂದ ಗಾಡಿ ಆಫ್ ಮಾಡಿ ಕೆಳಗಿಳಿದಳು.

ಮಾವ ಹನುಮಂತಯ್ಯ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಹೊರಗೆ ಬಂದರು. ಗಂಡ ಶ್ರೀನಿವಾಸ ಸೊಂಟನೋವಿನ ಬೆಲ್ಟು ಬಿಗಿಯುತ್ತ ಬಾಗಿಲಲ್ಲಿ ನಿಂತ. ಬಗ್ಗಿ ನೋಡುವುದು ಅವನಿಂದ ಆಗುತ್ತಿರಲಿಲ್ಲ. ಹೈವೇ ಪಕ್ಕ ಗ್ಯಾರೇಜು ಇಟ್ಟಿದ್ದ ಎರ್ರಿಸ್ವಾಮಿಗೆ ಫೋನು ಮಾಡಿದರು. ಅವನು ಬಂದು ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ತೂರಿದವನು ಅಲ್ಲಿಂದಲೇ ಕೂಗಿದ.

"ಸೈಲೆನ್ಸರ್ ಬಿಚ್ಕೊಂಡು ಹೋಗ್ಯಾರೆ ಕಣಕ್ಕ! ಇಂಜಿನ್ ಹತ್ರಕ್ಕೇ ಕುಯ್ದಾರೆ. ಈಗ ಬರೇ ಬಾಯಿ ಬಿಟ್ಕೊಂಡು ಕುಂತೈತೆ."

"ತಗಡು ಕದ್ದು ಏನ್ ಮಾಡ್ತಾರೋ?" ಹನುಮಂತಯ್ಯ ಕೇಳಿದರು.

"ತಗಡಿಗಲ್ಲ ಅಯ್ಯ. ಅದರೊಳಗೆ ಜೇನುಗೂಡಿನಂಗೆ ಒಂದು ಗಟ್ಟಿ ಇರ್ತೈತೆ. ಅದರ ಪುಡಿಗೆ ಭಾಳ ರೇಟು. ಹೋದ ವಾರ ಹಿರಿಯೂರು ಕಡೆ ಮೂರ್ನಾಲ್ಕು ಗಾಡೀವು ಹಿಂಗೇ ಹೋದ್ವು."

ಉಷಾಗೆ ಕೇಳಬೇಕಿದ್ದದ್ದು ಒಂದೇ. "ಓಡ್ತೈತಾ?"

"ಓಡ್ತೈತೆ, ಓಡಕ್ಕೇನು. ಸದ್ದು ಕೇಳಿದ್ಯಲ್ಲ. ಹೊಗೆ ಒಳಕ್ಕೆ ನುಗ್ತೈತೆ, ಕಿಟಕಿ ಮುಚ್ಚಬೇಡ. ಪೊಲೀಸರ ಕಣ್ಣಿಗೆ ಬಿದ್ರೆ ಬಿಡಲ್ಲ."

ಬಸ್ ಸ್ಟ್ಯಾಂಡಿನಲ್ಲಿ ಆಗಲೇ ತಿಪ್ಪಮ್ಮ ಮತ್ತವಳ ಜೊತೆಯ ಹೆಂಗಸರು ಬುತ್ತಿ ಹಿಡಿದು ನಿಂತಿರುತ್ತಾರೆ. ಚಿತ್ರದುರ್ಗದ ಹೊರವಲಯದ ಗಾರ್ಮೆಂಟ್ಸಿನಲ್ಲಿ ಅವರ ಕೆಲಸ. ಗೇಟು ಮುಚ್ಚಿತೆಂದರೆ ಅರ್ಧ ದಿನದ ಕೂಲಿ ಹೋಯಿತು. ಉಷಾ ಕಿಟಕಿಗಳನ್ನೆಲ್ಲ ತೆಗೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು. ನಾದಿನಿ ರಮ್ಯಾ ಕಾಲೇಜಿನ ಬ್ಯಾಗು ಎದೆಗವಚಿಕೊಂಡು ಮೆಟ್ಟಿಲ ಮೇಲೇ ನಿಂತಿದ್ದಳು.

"ಹತ್ತು ರಮ್ಯಾ."

"ಇದರಾಗಾ? ಅತ್ತಿಗೆ, ಕಾಲೇಜಿನಾಗೆ ಏನಂತಾರೆ ನನ್ನ?"

"ಲೇಟಾಗಿ ಹೋದ್ರೆ ಏನಂತಾರೋ ಅದಕ್ಕಿಂತ ಕಮ್ಮೀನೇ ಅಂತಾರೆ. ಹತ್ತು."

ಗಾಡಿ ಗುಡುಗುತ್ತ ಓಣಿ ದಾಟಿತು. ಹನುಮಂತಯ್ಯ ಬಾಯಿ ಮುಕ್ಕಳಿಸುವುದನ್ನೂ ಮರೆತು ನೋಡುತ್ತಿದ್ದರು.

ವ್ಯಾನು ಹನುಮಂತಯ್ಯನವರ ಹೆಸರಿನಲ್ಲಿತ್ತು. ಸರ್ಕಾರಿ ಆಫೀಸಿನಲ್ಲಿ ಜವಾನರಾಗಿ ರಿಟೈರಾದಾಗ ಬಂದ ಹಣದಲ್ಲಿ ಮಗನಿಗೆಂದು ತೆಗೆದುಕೊಟ್ಟಿದ್ದರು. ಶ್ರೀನಿವಾಸ ಚೆನ್ನಾಗಿಯೇ ಓಡಿಸಿಕೊಂಡಿದ್ದ. ಆಮೇಲೆ ಅವನ ಬೆನ್ನುಮೂಳೆಯ ಡಿಸ್ಕು ಜಾರಿತು. ಸ್ಟೇರಿಂಗ್ ಮುಟ್ಟಬೇಡ ಅಂದರು ಡಾಕ್ಟರು. ಗಾಡಿ ಶೆಡ್ಡಿನಲ್ಲಿ ನಿಂತು ಧೂಳು ತಿನ್ನುವಾಗ ಉಷಾ, "ನನಗೆ ಕಲಿಸ್ರಿ" ಅಂದಳು. ಗಂಡ ಪಕ್ಕದಲ್ಲಿ ಒರಗಿ ಕೂತು ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಕಲಿಸಿದ. ಲೈಸೆನ್ಸು ಮಾಡಿಸಿಕೊಂಡಳು. ಅಂದಿನಿಂದ ಮನೆ ನಡೆಯುತ್ತಿದ್ದದ್ದು ಆ ವ್ಯಾನಿನಿಂದ. ಗಂಡ ಮನೆ ಮುಂದೆ ಇಟ್ಟಿದ್ದ ಪುಟ್ಟ ಅಂಗಡಿಯಿಂದ ಬರುತ್ತಿದ್ದದ್ದು ಸೊಪ್ಪು ಹಾಲಿಗೆ ಸಾಲುತ್ತಿತ್ತು. ಆದರೂ ತಿಂಗಳಿಗೊಮ್ಮೆ ಹೆಂಗಸರು ಕೊಟ್ಟ ಚಾರ್ಜನ್ನು ಉಷಾ ತಂದು ಮಾವನ ಕೈಗೇ ಇಡುತ್ತಿದ್ದಳು. ಮನೆಯ ಪದ್ಧತಿ ಹಾಗಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ನಿಂಗಕ್ಕ ಮುದ್ದೆ ಬಡಿಸಿ ಹುರುಳಿ ಸಾರು ಬಿಟ್ಟಳು. ಉಷಾ ಮಾತು ತೆಗೆದಳು.

"ಮಾವ, ಎರ್ರಿಸ್ವಾಮಿ ರೇಟು ಹೇಳ್ಯಾನೆ. ಕಂಪನೀದು ಬೇಕಾದ್ರೆ ಜಾಸ್ತಿ. ದುರ್ಗದಾಗೆ ಬೇರೇದು ಅದರ ಅರ್ಧಕ್ಕೇ ಸಿಗ್ತೈತಂತೆ. ನಾಳೆ ದುಡ್ಡು ಕೊಟ್ರೆ ಹಾಕ್ಸ್ಕೊಂಡೇ ಬರ್ತೀನಿ."

ಹನುಮಂತಯ್ಯ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿದರು. "ಹಾಕ್ಸಲ್ಲ."

"ಯಾಕೆ ಮಾವ?"

"ಮಾರೋ ಗಾಡಿಗೆ ಯಾವನು ದುಡ್ಡು ಸುರೀತಾನೆ? ಹೊಳಲ್ಕೆರೆ ಮೂರ್ತಪ್ಪ ಕೇಳ್ಕೊಂಡು ಕುಂತಾನೆ. ಕೊಟ್ಟುಬಿಡ್ತೀನಿ."

ಮಾರುವ ಮಾತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ರೀನಿವಾಸ ತಲೆ ಎತ್ತಿದ. "ಅಪ್ಪ, ಮಾರಿದ್ರೆ ತಿನ್ನೋದೇನು?"

"ನನ್ನ ಪಿಂಚಣಿ ಐತೆ. ನಿನ್ನ ಅಂಗಡಿ ಐತೆ. ಸೊಸೆ ಡ್ರೈವರ್ ಕೆಲ್ಸ ಮಾಡ್ಕೊಂಡು ಹೈವೇನಾಗೆ ತಿರುಗಿದ್ದು ಸಾಕು. ಕೆರೆ ಕಮಿಟಿ ಮೀಟಿಂಗಿನಾಗೆ ನನ್ನ ನೋಡಿ ನಗ್ತಾರೆ. ಈಗಂತೂ ಗಾಡಿ ತಾನೇ ಡಂಗುರ ಹೊಡೀತೈತೆ. ಒಳ್ಳೇದೇ ಆತು, ನಿಲ್ಲಿಸಿಬಿಡು."

ಉಷಾಗೆ ಈಗ ಅರ್ಥವಾಯಿತು. ಕಳ್ಳರು ಮಾಡಿದ ಕೆಲಸ ಮಾವನಿಗೆ ಅನುಕೂಲವಾಗಿ ಬಂದಿದೆ. ನಾಚಿಕೆಗೆ ಎರಡು ದಿನದಲ್ಲಿ ತಾನೇ ಗಾಡಿ ನಿಲ್ಲಿಸುತ್ತಾಳೆ ಅಂತ ಅವರ ಲೆಕ್ಕ.

"ನಿಲ್ಲಿಸಲ್ಲ ಮಾವ."

ನಿಂಗಕ್ಕನ ಕೈಯಲ್ಲಿದ್ದ ಸೌಟು ನಿಂತಿತು.

"ಏನಂದೆ?"

"ನೀವು ಸೈಲೆನ್ಸರ್ ಹಾಕ್ಸೋವರೆಗೂ ಹಿಂಗೇ ಓಡ್ಸ್ತೀನಿ ಅಂದೆ. ಮನೆ ಗಾಡಿ ಇದು. ಮನೇನೇ ಹಾಕ್ಸಬೇಕು."

ಹನುಮಂತಯ್ಯ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅರ್ಧ ಮುದ್ದೆ ಹಾಗೇ ಉಳಿಯಿತು. ನಿಂಗಕ್ಕ ಸೊಸೆಯ ಕಡೆ ನೋಡಿದಳು. ಬೈಯುತ್ತಾಳೆ ಅಂದುಕೊಂಡಳು ಉಷಾ. ನಿಂಗಕ್ಕ ಬೈಯಲಿಲ್ಲ. "ನೀನು ಉಣ್ಣು. ಬೆಳಿಗ್ಗೆ ಏಳಬೇಕು" ಅಂದಳು.

ಕೋಣೆಯಲ್ಲಿ ಶ್ರೀನಿವಾಸ ತಗ್ಗಿದ ದನಿಯಲ್ಲಿ ಹೇಳಿದ. "ನಾಲ್ಕು ದಿನ ಸುಮ್ನಿರು ಉಷಾ. ಅಪ್ಪನ ಸಿಟ್ಟು ಇಳೀಲಿ."

"ನಾನು ಸುಮ್ನೇ ಅದೀನಿ. ಗಾಡಿ ತಾನೆ ಮಾತಾಡ್ತಿರೋದು?"

ಅವನಿಗೆ ನಗು ಬಂತು. ನಕ್ಕರೆ ಬೆನ್ನು ಹಿಡಿಯುತ್ತಿತ್ತು. ಗೋಡೆ ಹಿಡಿದುಕೊಂಡು ನಕ್ಕ.

ಮರುದಿನವೂ ಗಾಡಿ ಗುಡುಗಿತು, ಅದರ ಮರುದಿನವೂ. ಒಂದು ವಾರದಲ್ಲಿ ಊರಿನವರು ಅದನ್ನು ಗಡಿಯಾರದ ಬದಲು ಇಟ್ಟುಕೊಂಡರು. "ಹನುಮಂತಯ್ಯನ ಸೊಸೆ ಹೋದ್ಲು, ಹಾಲು ಕರೀಬೇಕು" ಎನ್ನುವರು. ಟೀ ಅಂಗಡಿಯಲ್ಲಿ, "ಏನ್ ಹನುಮಂತಣ್ಣ, ಸೈಲೆನ್ಸರಿಗೆ ಪಟ್ಟಿ ಎತ್ತಾಣೇನು?" ಅಂತ ಕೇಳಿದರು. ಹನುಮಂತಯ್ಯ ಟೀ ಅರ್ಧಕ್ಕೇ ಬಿಟ್ಟು ಬಂದು ಹೆಂಡತಿಯ ಮೇಲೆ ಹಾರಾಡಿದರು. ನಗಬೇಕಾದ ಜನ ಸೊಸೆಯನ್ನು ನೋಡಿ ನಗದೆ ತಮ್ಮನ್ನು ನೋಡಿ ನಗುತ್ತಿದ್ದಾರೆ ಎನ್ನುವುದು ಅವರಿಗೆ ನುಂಗಲಾರದ ತುತ್ತಾಗಿತ್ತು.

ವ್ಯಾನಿನೊಳಗೂ ಸುಖವಿರಲಿಲ್ಲ. ಸೀಟಿನ ಕೆಳಗಿನ ಇಂಜಿನ್ನು ಕಾದು ತೊಡೆ ಸುಡುತ್ತಿತ್ತು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಮಾತಾಡಬೇಕಾದರೆ ಕಿವಿಗೆ ಬಾಯಿಟ್ಟು ಕೂಗಬೇಕು. ತಿಪ್ಪಮ್ಮ ಒಂದು ದಿನ ಹಾಗೇ ಕೂಗಿ ಹೇಳಿದಳು. "ನಾವೆಲ್ಲಾ ಸೇರಿ ದುಡ್ಡು ಹಾಕ್ತೀವಿ ಕಣೇ! ಹಾಕ್ಸಿಬಿಡು!"

"ಬ್ಯಾಡ ತಿಪ್ಪಕ್ಕ! ನೀವು ಹಾಕ್ಸಿದ್ರೆ ನಮ್ಮ ಮಾವ ಗೆದ್ದಂಗೆ!"

"ಹಂಗಾದ್ರೆ ಬಾರ್ಸು!" ಅಂದಳು ತಿಪ್ಪಮ್ಮ. ಉಷಾ ಆಕ್ಸಿಲರೇಟರ್ ಒತ್ತಿದಳು. ಪಕ್ಕದ ಲಾರಿಯವನು ಟೈರು ಸಿಡಿಯಿತೆಂದು ಬ್ರೇಕು ಹಾಕಿದ. ಹೆಂಗಸರು ಬಿದ್ದು ಬಿದ್ದು ನಕ್ಕರು.

ರಮ್ಯಾ ಮಾತ್ರ ನಗುತ್ತಿರಲಿಲ್ಲ. ಮೊದಲು ಕಾಲೇಜಿಗೆ ಅರ್ಧ ಫರ್ಲಾಂಗು ಇರುವಾಗಲೇ ಇಳಿಯುತ್ತಿದ್ದಳು. ಆಮೇಲೆ ಬಸ್ಸಿಗೆ ಹೋಗುತ್ತೇನೆ ಎಂದು ಹಟ ಮಾಡಿದಳು. ಬಸ್ಸು ಬರುವಾಗಲೇ ತುಂಬಿರುತ್ತಿತ್ತು. ಮೂರನೆಯ ದಿನ ಫುಟ್‌ಬೋರ್ಡಿನ ಮೇಲೆ ನೇತಾಡಿ ಹೋಗಿ, ಯಾವನೋ ಸೊಂಟಕ್ಕೆ ಕೈ ಹಾಕಿದನೆಂದು ಅಳುತ್ತ ಬಂದಳು. ಅಪ್ಪನ ಎದುರು ಹೇಳಲಾರದೆ ಅತ್ತಿಗೆಯ ಹತ್ತಿರ ಅಡುಗೆಮನೆಯಲ್ಲಿ ಹೇಳಿದಳು. ಉಷಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಾಳೆಯಿಂದ ನನ್ನ ಪಕ್ಕ ಕುಂತ್ಕ. ಸದ್ದಾದ್ರೆ ಆಗ್ಲಿ, ಯಾವನೂ ಕೈ ಹಾಕಲ್ಲ" ಅಂದಳು. ಮರುದಿನ ರಮ್ಯಾ ಕಾಲೇಜು ಗೇಟಿನ ಎದುರೇ ಇಳಿದಳು. ಹುಡುಗರು ಕೇಕೆ ಹಾಕಿದರು. ಅವಳು ತಿರುಗಿ ನಿಂತು, "ಏನ್ರೋ?" ಅಂದಳು. ಕೇಕೆ ನಿಂತಿತು.

ಈ ನಡುವೆ ಎದುರು ಮನೆಯ ಗೋವಿಂದಪ್ಪನ ಹೆಂಡತಿ ಬಂದು ಹೊಸ್ತಿಲ ಹೊರಗೇ ನಿಂತಳು. "ಉಷಾ, ನಿನ್ನ ಜಗಳಕ್ಕೆ ನಾನು ಅಡ್ಡ ಬರಲ್ಲ ಕಣವ್ವ. ಆದ್ರೆ ನಮ್ಮೋರಿಗೆ ಎದೆ ಆಪರೇಷನ್ ಆಗೈತಲ್ಲ, ಬೆಳಿಗ್ಗೆ ಆ ಸದ್ದಿಗೆ ಬೆವೆತುಬಿಡ್ತಾರೆ."

ಉಷಾಗೆ ಕಪಾಳಕ್ಕೆ ಹೊಡೆದಂತಾಯಿತು. ಮಾವನ ಮೇಲಿನ ಸಿಟ್ಟಿನಲ್ಲಿ ಎದುರು ಮನೆಯ ಕಾಯಿಲೆ ಮರೆತೇ ಹೋಗಿತ್ತು. "ತಪ್ಪಾತು ಅಕ್ಕ. ನಾಳೆಯಿಂದ ನಿಮ್ಮ ಮನೆ ಹತ್ರ ಸದ್ದು ಬರಲ್ಲ" ಅಂದಳು.

ಒಳಗೆ ಕೂತು ಕೇಳಿಸಿಕೊಂಡ ಹನುಮಂತಯ್ಯನವರಿಗೆ ಸಮಾಧಾನವಾಯಿತು. ಅಂತೂ ಗಾಡಿ ನಿಂತಿತು ಅಂದುಕೊಂಡರು.

ಬೆಳಿಗ್ಗೆ ಎದ್ದು ನೋಡಿದರೆ ಓಣಿಯಲ್ಲಿ ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ಉಷಾ ಬಾಗಿಲು ತೆಗೆದು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ತಳ್ಳುತ್ತಿದ್ದಾಳೆ. ಹಿಂದೆ ಬಸ್ ಸ್ಟ್ಯಾಂಡಿನಿಂದ ಇಲ್ಲಿಗೇ ಬಂದಿದ್ದ ತಿಪ್ಪಮ್ಮ, ಅವಳ ಜೊತೆಯ ಹೆಂಗಸರು, ರಮ್ಯಾ. ಬುತ್ತಿಗಳೆಲ್ಲ ಸೀಟಿನ ಮೇಲೆ. ಎಲ್ಲರಿಗಿಂತ ಹಿಂದೆ, ಸೀರೆ ಎತ್ತಿ ಕಟ್ಟಿ, ಎರಡೂ ಕೈ ಕೊಟ್ಟು ನೂಕುತ್ತಿದ್ದವಳು ನಿಂಗಕ್ಕ.

"ಲೇ ನಿಂಗಿ! ನಿನಗೇನಾಗೈತೆ?" ಹನುಮಂತಯ್ಯ ಕೂಗಿದರು.

"ಕೂಗಬೇಡ್ರಿ. ಗೋವಿಂದಪ್ಪ ಮಲಗ್ಯಾನೆ" ಅಂದಳು ನಿಂಗಕ್ಕ, ತಿರುಗಿಯೂ ನೋಡದೆ.

ಹೈವೇ ಪಕ್ಕದ ಸರ್ವಿಸ್ ರೋಡಿಗೆ ತಂದು ಅಲ್ಲಿ ಕೀಲಿ ತಿರುಗಿಸಿದರು. ಗುಡುಗು ಅಲ್ಲಿಂದ ಕೇಳಿತು. ಹೆಂಗಸರು ವ್ಯಾನು ತಳ್ಳುವುದನ್ನು ನೋಡಲೆಂದೇ ಊರಿನ ಗಂಡಸರು ಬೇಗ ಏಳತೊಡಗಿದರು. ಒಂದಿಬ್ಬರು ತಾವೂ ಕೈ ಕೊಟ್ಟರು. ಹನುಮಂತಯ್ಯ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಮೂರ್ತಪ್ಪ ಹೊಳಲ್ಕೆರೆಯಿಂದ ಬಂದದ್ದು ಒಂದು ಭಾನುವಾರ. ಅಡಿಕೆ ವ್ಯಾಪಾರಿ, ಅಳೆದು ತೂಗಿ ಮಾತಾಡುವವನು. ನಿಂಗಕ್ಕ ಮಂಡಕ್ಕಿ, ಬಜ್ಜಿ ಕೊಟ್ಟಳು. ತಿಂದು ಕೈ ಒರೆಸಿಕೊಂಡು ಗಾಡಿ ಸುತ್ತ ಒಂದು ಸುತ್ತು ಬಂದ.

"ಸ್ಟಾರ್ಟ್ ಮಾಡಿಸ್ರಿ ನೋಡಾಣ."

"ಶ್ರೀನಿವಾಸ, ಬಾರೋ" ಅಂದರು ಹನುಮಂತಯ್ಯ. ಶ್ರೀನಿವಾಸ ಅಂಗಡಿ ಕಟ್ಟೆಯಿಂದ ಏಳಲಿಲ್ಲ. "ನನಗೆ ಸೊಂಟ ನೋವು ಅಪ್ಪ. ಓಡ್ಸೋರನ್ನ ಕರೀರಿ" ಅಂದ.

ಉಷಾ ಬಂದಳು. ಗೋವಿಂದಪ್ಪ ಮಗಳ ಮನೆಗೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡೇ ಬಂದಿದ್ದಳು. ಕೀಲಿ ತಿರುಗಿಸಿ ಆಕ್ಸಿಲರೇಟರ್ ಪೂರಾ ಅದುಮಿದಳು. ಮೂರ್ತಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಕಿವಿ ಮುಚ್ಚಿಕೊಂಡ. ಅವನು ಏನೋ ಹೇಳುತ್ತಿದ್ದ, ಯಾರಿಗೂ ಕೇಳುತ್ತಿರಲಿಲ್ಲ. ಉಷಾ ಕಾಲು ತೆಗೆಯಲಿಲ್ಲ. ಮೂರ್ತಪ್ಪನ ಕಣ್ಣನ್ನೇ ನೋಡುತ್ತ ಕೂತಿದ್ದಳು. ಕೊನೆಗೆ ತಾನಾಗಿ ಆಫ್ ಮಾಡಿದಳು.

"ಗಾಡಿ ಮಾರಕ್ಕೆ ನಿಮ್ಮ ಸೊಸೆ ಒಪ್ಪ್ಯಾಳೇನು?" ಮೂರ್ತಪ್ಪ ಕೇಳಿದ.

"ಅವಳನ್ನೇನು ಕೇಳೋದು? ನನ್ನ ಗಾಡಿ."

"ಬ್ಯಾಡ ಸ್ವಾಮಿ. ಮೊದ್ಲು ಮನೇನ ರಿಪೇರಿ ಮಾಡ್ಕಳ್ರಿ. ಆಮ್ಯಾಲೆ ಗಾಡಿ ಮಾರೀರಂತೆ." ಅವನು ಬೈಕು ಹತ್ತಿ ಹೋದ.

ಅಂದು ಹನುಮಂತಯ್ಯ ಉಣ್ಣಲಿಲ್ಲ. ಯಾರೂ ಎರಡನೆಯ ಸಲ ಕರೆಯಲೂ ಇಲ್ಲ.

ಮುಂದಿನ ವಾರ ಎರ್ರಿಸ್ವಾಮಿ ಹೇಳಿದ್ದು ನಿಜವಾಯಿತು. ಹೆಂಗಸರನ್ನು ಗೇಟಿಗೆ ಬಿಟ್ಟು ರಮ್ಯಾಳನ್ನು ಕಾಲೇಜಿಗೆ ಬಿಡಲು ದುರ್ಗದೊಳಗೆ ಬರುತ್ತಿದ್ದಾಗ ಪೊಲೀಸರು ಕೈ ಅಡ್ಡ ಹಿಡಿದರು. ಗಾಡಿಯನ್ನು ಸ್ಟೇಷನ್ನಿಗೆ ತರಿಸಿದರು. ಒಳಗಿದ್ದ ಹೆಂಗಸು ಎಸ್ಸೈ ಕಾಗದ ನೋಡಿ, ಲೈಸೆನ್ಸು ನೋಡಿ, ಉಷಾಳನ್ನು ನೋಡಿದಳು.

"ಹುಡುಗ್ರು ಶೋಕಿಗೆ ಹಿಂಗೆ ಓಡಿಸ್ತಾರೆ. ನಿಮಗೇನಮ್ಮ ಬಂತು?"

"ಕದ್ದ್ಕೊಂಡು ಹೋದ್ರು ಮೇಡಂ. ಕಂಪ್ಲೇಂಟ್ ಕೊಟ್ಟೀವಿ."

"ಕದ್ದು ಎಷ್ಟು ದಿನ ಆಯ್ತು? ಹಾಕಿಸೋಕೆ ಏನಾಗಿತ್ತು?"

ಮನೆಯ ಜಗಳವನ್ನು ಸ್ಟೇಷನ್ನಿನಲ್ಲಿ ಹರವಲು ಉಷಾಗೆ ಮನಸ್ಸಿರಲಿಲ್ಲ. ಮಾಲೀಕರು ಬಂದು ದಂಡ ಕಟ್ಟಿ, ಇಂದೇ ಸರಿ ಮಾಡಿಸುತ್ತೇನೆಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರು. ಫೋನು ಹೋಯಿತು. ಹನುಮಂತಯ್ಯ ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಡೀ ಸರ್ವಿಸಿನಲ್ಲಿ ಒಂದೂ ಮೆಮೊ ತಿನ್ನದವರು, ಈಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದರು.

"ನೀವಾ ಮಾಲೀಕರು?" ಎಸ್ಸೈ ಕೇಳಿದಳು.

"ಹೆಸರಿಗೆ ನಾನು. ಅವಳು ನನ್ನ ಮಾತು ಕೇಳಲ್ಲ ಮೇಡಂ. ನಿಲ್ಲಿಸು ಅಂದೆ, ನಿಲ್ಲಿಸಲಿಲ್ಲ."

"ನಿಲ್ಲಿಸು ಅಂದ್ರಾ, ಸೈಲೆನ್ಸರ್ ಹಾಕ್ಸು ಅಂದ್ರಾ?"

ಹನುಮಂತಯ್ಯ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

"ಗಾಡಿ ನಿಮ್ಮ ಹೆಸರಿನಲ್ಲಿರೋವರೆಗೂ ಅದು ಸರಿಯಾಗಿ ಇರೋ ಹಂಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ. ಇನ್ನೊಂದು ಸಲ ಸಿಕ್ಕಿದ್ರೆ ಮತ್ತೆ ನಿಮ್ಮನ್ನೇ ಕರೀತೀವಿ."

ಅವರ ಮುಖ ಕೆಂಪಾಯಿತು. ಉಷಾ ಕಡೆ ಬೆರಳು ತೋರಿಸಿ ಕೂಗಿದರು. "ಹಂಗಾದ್ರೆ ನನ್ನ ಹೆಸರೇ ಬ್ಯಾಡ! ಅವಳ ಹೆಸರಿಗೇ ಮಾಡ್ಕಳ್ಳಿ! ದಂಡಾನೂ ಅವಳೇ ಕಟ್ಲಿ, ಜೈಲಿಗಾದ್ರೂ ಅವಳೇ ಹೋಗ್ಲಿ!"

"ಆಗ್ಲಿ ಮಾವ" ಅಂದಳು ಉಷಾ.

"ಏನು ಆಗ್ಲಿ?"

"ನನ್ನ ಹೆಸರಿಗೆ ಮಾಡ್ರಿ. ದಂಡ ಇವತ್ತಿಂದು ನಾನೇ ಕಟ್ತೀನಿ. ಸೈಲೆನ್ಸರೂ ನಾನೇ ಹಾಕ್ಸ್ತೀನಿ. ಈ ತಿಂಗಳ ಚಾರ್ಜು ಇನ್ನೂ ನಿಮ್ಮ ಕೈಗೆ ಕೊಟ್ಟಿಲ್ಲ, ಅದರಾಗೇ ಆಗ್ತೈತೆ. ಮುಂದಿನ ತಿಂಗಳಿಂದ ಚಾರ್ಜು ನನ್ನ ಹತ್ರನೇ ಇರ್ತೈತೆ. ಮನೆ ಖರ್ಚಿಗೆ ಏನು ಬೇಕೋ ನಾನು ಕೊಡ್ತೀನಿ."

ಹನುಮಂತಯ್ಯ ಎಸ್ಸೈ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. ಆಡಿದ ಮಾತು ನಾಲ್ಕು ಜನ ಪೊಲೀಸರ ಎದುರು ಆಡಿಯಾಗಿತ್ತು. ಅಷ್ಟರಲ್ಲಿ ರಮ್ಯಾ ಮೊಬೈಲು ತೆಗೆದು ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಳು.

"ಅಪ್ಪ, ಆನ್‌ಲೈನಿನಾಗೆ ಹೆಸರು ಬದಲಿಸೋ ಅರ್ಜಿ ಹಾಕ್ತಾ ಇದ್ದೀನಿ. ನಿಮ್ಮ ಫೋನಿಗೆ ಒಂದು ನಂಬರ್ ಬಂದೈತೆ ನೋಡ್ರಿ. ಓಟಿಪಿ. ಓದ್ರಿ."

"ನೀನೂನಾ ರಮ್ಯಾ?"

ರಮ್ಯಾ ಫೋನಿನಿಂದ ಕಣ್ಣೆತ್ತಲಿಲ್ಲ. ಆದರೆ ದನಿ ಗಟ್ಟಿಯಿತ್ತು. "ಬಸ್ಸಿನಾಗೆ ನನಗೆ ಏನಾತು ಅಂತ ನೀವು ಕೇಳಲಿಲ್ಲ ಅಪ್ಪ. ಬಸ್ಸು ಯಾಕೆ ಬಿಟ್ಟೆ ಅಂತಾನೂ ಕೇಳಲಿಲ್ಲ. ಅತ್ತಿಗೆ ಗಾಡಿ ಇಲ್ಲ ಅಂದ್ರೆ ನಾನು ಕಾಲೇಜು ಬಿಡ್ಬೇಕಾಗಿತ್ತು. ನಂಬರ್ ಓದ್ರಿ."

ಹನುಮಂತಯ್ಯ ಮಗಳ ಮುಖ ನೋಡಿದರು. ಏನಾಯಿತು ಎಂದು ಕೇಳಲು ಬಾಯಿ ತೆರೆದರು. ಆ ಜಾಗದಲ್ಲಿ ಕೇಳುವ ಮಾತಲ್ಲ ಎನಿಸಿತೋ ಏನೋ, ಮುಚ್ಚಿದರು. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿ ಓದಿದರು.

ಉಳಿದ ಸಹಿಗಳಿಗೆ ಆರ್‌ಟಿಓ ಆಫೀಸಿಗೆ ಎರಡು ಸಲ ಹೋಗಬೇಕಾಯಿತು. ಎರಡು ಸಲವೂ ಅವರು ಬಂದರು, ಸಹಿ ಮಾಡಿದರು. ಸೈಲೆನ್ಸರನ್ನಂತೂ ಉಷಾ ಅಂದೇ ದುರ್ಗದ ಗ್ಯಾರೇಜಿನಲ್ಲಿ ಹಾಕಿಸಿಕೊಂಡು ಬಂದಿದ್ದಳು. ಎರ್ರಿಸ್ವಾಮಿ ಅದಕ್ಕೆ ಕಳ್ಳರ ಕೈ ಹೋಗದಂತೆ ಕಬ್ಬಿಣದ ಪಟ್ಟಿ ಬೆಸೆದುಕೊಟ್ಟ.

ಆರ್‌ಸಿಯಲ್ಲಿ ಅವಳ ಹೆಸರು ಬಂದ ವಾರ ನಿಂಗಕ್ಕ, "ನಾಳೆ ನಾನೂ ದುರ್ಗಕ್ಕೆ ಬರ್ತೀನಿ, ನಮ್ಮಕ್ಕನ ನೋಡ್ಕೊಂಡು ಬರಬೇಕು" ಅಂದಳು. ಮನೆಗೆ ಗಾಡಿ ಬಂದು ಇಷ್ಟು ವರ್ಷವಾದರೂ ಅವಳು ಅದರಲ್ಲಿ ಕೂತಿರಲಿಲ್ಲ. ಬೆಳಿಗ್ಗೆ ಮಿಂದು, ಹೂ ಮುಡಿದು, ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಇಂಜಿನ್ನು ಗುರುಗುಟ್ಟಿದ್ದು ಎದುರು ಮನೆಗೂ ಕೇಳಲಿಲ್ಲ.

ಅಷ್ಟರಲ್ಲಿ ಹನುಮಂತಯ್ಯ ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರು. "ನನಗೂ ಬ್ಯಾಂಕಿನಾಗೆ ಕೆಲ್ಸ ಐತೆ" ಎಂದು ಯಾರಿಗೂ ಹೇಳದಂತೆ ಹೇಳಿದರು. ಮುಂದಿನ ಬಾಗಿಲು ತೆಗೆದರು. ನಿಂಗಕ್ಕ ಕದಲಲಿಲ್ಲ.

"ಇಳಿ. ಹಿಂದೆ ಕುಂತ್ಕ" ಅಂದರು.

"ನಾನು ಕುಂತಾಗೈತೆ" ಅಂದಳು ನಿಂಗಕ್ಕ.

ಅವರು ಉಷಾ ಕಡೆ ನೋಡಿದರು. ಉಷಾ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

"ಹಿಂದೆ ರಮ್ಯಾ ಪಕ್ಕ ಜಾಗ ಐತೆ ಮಾವ. ಬರ್ರಿ, ಕುಂತ್ಕಳ್ರಿ. ತಿಪ್ಪಕ್ಕೋರು ಕಾಯ್ತಾ ನಿಂತಿರ್ತಾರೆ, ಗಾರ್ಮೆಂಟ್ಸಿನ ಗೇಟು ಮುಚ್ಚಿಬಿಡ್ತಾರೆ."

ಹನುಮಂತಯ್ಯ ಒಂದು ಗಳಿಗೆ ನಿಂತರು. ಆಮೇಲೆ ಪಂಚೆ ಎತ್ತಿಕೊಂಡು, ಬಗ್ಗಿ, ಹಿಂದಿನ ಸೀಟಿಗೆ ಹತ್ತಿದರು. ರಮ್ಯಾ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸರಿದು ಜಾಗ ಬಿಟ್ಟಳು. ಅವರು ಬಾಗಿಲು ಎಳೆದುಕೊಂಡರು.

"ಬಾಗಿಲು ಹತ್ತಿಲ್ಲ ಮಾವ" ಅಂದಳು ಉಷಾ, ಕನ್ನಡಿಯಲ್ಲೇ ನೋಡುತ್ತ. "ಇನ್ನೊಂದ್ಸಲ ಜೋರಾಗಿ ಎಳೀರಿ."

ಅವರು ತೆಗೆದು ಮತ್ತೆ ಜೋರಾಗಿ ಎಳೆದರು. ಬಾಗಿಲು ಹತ್ತಿತು. ಉಷಾ ಗೇರು ಹಾಕಿದಳು.